ಆರೋಗ್ಯಶ್ರೀ: ಒಂದು ಅಂಕಿಯ ಅತಿಖ್ಯಾತಿ

ಬಡವರಿಗೆ ಸರ್ಕಾರವೇ ಆರೋಗ್ಯ ವಿಮೆ ಕೊಟ್ಟರೆ ಸಾವು ತಗ್ಗುತ್ತದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಕರ್ನಾಟಕದ ಒಂದು ಅಂಕಿ ಮುಂದೆ ಬರುತ್ತದೆ: ಸಾವಿನಲ್ಲಿ ಶೇ. 64ರ ಇಳಿಕೆ. ಅಂಥದೇ ವಿಮೆಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕುರಿತು ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು ಅದು. ಅಧ್ಯಯನ ಗಟ್ಟಿಯಾದದ್ದು. ಆದರೆ ಆ ಅಂಕಿಗೆ ಸಿಕ್ಕಿರುವ ಖ್ಯಾತಿಯನ್ನು ಅದೇ ಅಧ್ಯಯನದ ಪುಟಗಳು ಸಮರ್ಥಿಸುವುದಿಲ್ಲ.

ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲಾಯಿತು. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಸಂಶೋಧಕರು ಈ ಅಂತರವನ್ನು ಜಾಣತನದಿಂದ ಬಳಸಿಕೊಂಡರು. ಗಡಿಯ ಈಚೆ ಯೋಜನೆಯಿದ್ದ 300 ಹಳ್ಳಿ, ಆಚೆ ಇಲ್ಲದ 272 ಹಳ್ಳಿ. ಎರಡೂ ಕಡೆ ಮನೆಮನೆ ಸಮೀಕ್ಷೆ. ಯೋಜನೆ ನಿಭಾಯಿಸುವ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಆಚೆ ಶೇ. 0.90, ಈಚೆ ಶೇ. 0.32. ಬಡತನ ರೇಖೆಗಿಂತ ಮೇಲಿನವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಯೋಜನೆಯೇ ಇರಲಿಲ್ಲವಾದ್ದರಿಂದ ಇದು ಲೇಖಕರ ಪರವಾದ ಬಲವಾದ ಸಾಕ್ಷ್ಯ. ಇಷ್ಟನ್ನು ಒಪ್ಪಲೇಬೇಕು.

ತೊಡಕಿರುವುದು ಅಧ್ಯಯನದ ಸಾರಾಂಶದ ಮುಂದಿನ ಸಾಲುಗಳಲ್ಲಿ. ಯೋಜನೆ ಒದಗಿಸಿದ ಚಿಕಿತ್ಸೆಗಳ ಬಳಕೆ ಖಚಿತವಾಗಿ ಹೆಚ್ಚಿತೆಂದು ಹೇಳಲಾಗದು ಎಂದು ಲೇಖಕರೇ ಬರೆಯುತ್ತಾರೆ. ಅಂದಾಜು ಹೆಚ್ಚಳ ಶೇ. 44, ಆದರೆ ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ ಶೇ. 5ರ ಇಳಿಕೆಯಿಂದ ಶೇ. 90ರ ಏರಿಕೆಯವರೆಗೆ ಹರಡಿದೆ. ಸಾವು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ, ಆದರೆ ಅದನ್ನು ತಡೆಯಬೇಕಾದ ಚಿಕಿತ್ಸೆ ಹೆಚ್ಚಿತೋ ಇಲ್ಲವೋ ಸ್ಪಷ್ಟವಿಲ್ಲ. ಹಾಗಾದರೆ ಜೀವ ಉಳಿಸಿದ್ದು ಯಾವುದು?

ಹೆಚ್ಚಳವನ್ನು ನಿಜವೆಂದೇ ಇಟ್ಟುಕೊಳ್ಳೋಣ. ಮೊದಲು ನೂರು ಜನ ಚಿಕಿತ್ಸೆ ಪಡೆಯುತ್ತಿದ್ದಲ್ಲಿ ಈಗ 144 ಜನ. ಹೃದಯಾಘಾತವಾದವರಲ್ಲಿ ಎಷ್ಟೋ ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸಾಯುತ್ತಾರೆ. ಕೊನೆಯ ಹಂತದಲ್ಲಿ ಪತ್ತೆಯಾದ ಕ್ಯಾನ್ಸರ್‌ಗೆ ಕಿಮೊಥೆರಪಿ ಕೊಟ್ಟರೂ ಎಲ್ಲರೂ ಉಳಿಯುವುದಿಲ್ಲ. ಹೆಚ್ಚಿನ ಆ ನಲವತ್ತನಾಲ್ಕು ಜನರ ಚಿಕಿತ್ಸೆಯೊಂದೇ ಸಾವಿನ ಮೂರರಲ್ಲಿ ಎರಡು ಪಾಲನ್ನು ಅಳಿಸಿತೆಂದರೆ ನಂಬುವುದು ಕಷ್ಟ. ಆಸ್ಪತ್ರೆಗೆ ಸ್ವಂತ ಕೈಯಿಂದ ತೆರುವ ಖರ್ಚು ಇಳಿದದ್ದೂ ನೆರವಾಗಿರಬಹುದೆಂದು ಲೇಖಕರು ಸೇರಿಸುತ್ತಾರೆ. ಸಾಲ ತಪ್ಪುವುದು ಬಡ ಮನೆಗೆ ದೊಡ್ಡ ಮಾತೇ. ಆದರೆ ಉಳಿದ ಹಣ ಎರಡು ಮೂರು ವರ್ಷಗಳಲ್ಲಿ ಹೃದ್ರೋಗದ ಸಾವನ್ನು ಈ ಪ್ರಮಾಣದಲ್ಲಿ ತಡೆಯುವ ದಾರಿ ಯಾವುದೆಂದು ಅಲ್ಲಿ ತೋರಿಸಿಲ್ಲ.

ಉಳಿಯುವ ವಿವರಣೆ ಒಂದೇ: ಜನ ಬೇಗ ಹೋದರು, ಸರಿಯಾದ ಆಸ್ಪತ್ರೆಗೆ ಹೋದರು. ಹಾಗೆ ಹೋಗಲು ಕಾಯಿಲೆಯನ್ನು ಯಾರಾದರೂ ಪತ್ತೆ ಹಚ್ಚಬೇಕು. ಆರೋಗ್ಯಶ್ರೀಯಲ್ಲಿ ಆ ಕೆಲಸ ಮಾಡಿದ್ದು ಗ್ರಾಮೀಣ ಆರೋಗ್ಯ ಶಿಬಿರಗಳು, ದಾರಿ ತೋರಿಸುತ್ತಿದ್ದವರು ಆರೋಗ್ಯಮಿತ್ರರೆಂಬ ಸಹಾಯಕರು. ಕುಟುಂಬ ಕಂತು ಕಟ್ಟಬೇಕಿರಲಿಲ್ಲ, ಬಿಪಿಎಲ್ ಕಾರ್ಡ್ ಸಾಕಾಗಿತ್ತು. ಯೋಜನೆ ನಡೆಸುತ್ತಿದ್ದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪ್ಯಾಕೇಜ್ ದರ ಪಾವತಿಸುತ್ತಿತ್ತು. ಈ ಏರ್ಪಾಡಿನ ಯಶಸ್ಸನ್ನೆಲ್ಲ ವಿಮೆಯ ಖಾತೆಗೆ ಬರೆದದ್ದು ಅಧ್ಯಯನದ ತೀರ್ಮಾನದ ಮುಖ್ಯ ದೋಷ.

ಟೀಕಿಸಿದವರಲ್ಲಿ ಕೆಲವರೂ ಈ ಜಾಗ ಮುಟ್ಟಲಿಲ್ಲ ಎಂಬುದು ನನ್ನ ತಕರಾರು. ಯೋಜನೆಗೆ ವಿಶ್ವಬ್ಯಾಂಕಿನ ನೆರವಿತ್ತು, ಲೇಖಕರಲ್ಲಿ ವಿಶ್ವಬ್ಯಾಂಕಿನವರೂ ಇದ್ದರು. ಆದ್ದರಿಂದ ಫಲಿತಾಂಶ ನಂಬಲರ್ಹವಲ್ಲ ಎನ್ನುವವರಿದ್ದಾರೆ. ಹಣ ಸರ್ಕಾರಿ ಆಸ್ಪತ್ರೆಗಳಿಗೇ ಹೋಗಬೇಕೆಂಬ ಅವರ ನಿಲುವು ನನ್ನದೂ ಹೌದು. ಆದರೆ ಹಣದ ಮೂಲ ತೋರಿಸಿ ಅಂಕಿಯನ್ನು ತಳ್ಳಿಹಾಕುವುದು ವಿಮರ್ಶೆಯಾಗದು. ಪುರಾವೆಯಲ್ಲೇ ಬಿರುಕಿರುವಾಗ ಲೇಖಕರ ಉದ್ಯೋಗ ಹುಡುಕುತ್ತ ಕೂತದ್ದರಿಂದ ವಿಮೆಯ ಪಕ್ಷಪಾತಿಗಳಿಗೆ ಉತ್ತರಿಸುವ ಶ್ರಮವೇ ತಪ್ಪಿತು. ಆ ಪಕ್ಷಪಾತಿಗಳಾದರೋ ಸಾವಿನ ಅಂಕಿಯನ್ನು ಹೇಳಿ ಬಳಕೆಯ ಅಂಕಿಯನ್ನು ಬಿಡುತ್ತಾರೆ. ಇಬ್ಬರೂ ಸಾರಾಂಶವನ್ನು ಅರ್ಧಕ್ಕೇ ಓದಿದವರು.

ಈ ಅರ್ಧ ಓದಿನ ಬೆಲೆ ತೆರುತ್ತಿರುವುದು ರೋಗಿ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ ಬಂದಾಗ ಜಾಹೀರಾತಿಗೆ ಏರಿದ್ದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂಬ ಮಿತಿ. ಮಿತಿ ಎಷ್ಟೇ ಏರಿದರೂ ರಕ್ತದೊತ್ತಡದ ದಿನದಿನದ ಮಾತ್ರೆ, ಹೊರರೋಗಿಯಾಗಿ ಮಾಡಿಸುವ ಸಾಮಾನ್ಯ ತಪಾಸಣೆ ಅದರೊಳಗೆ ಬರುವುದಿಲ್ಲ. ಎದೆನೋವನ್ನು ಮೊದಲು ಗುರುತಿಸಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ 5 ಲಕ್ಷ ರೂಪಾಯಿ ವೈದ್ಯರನ್ನು ತಂದುಕೊಡುವುದಿಲ್ಲ.

ಆರೋಗ್ಯಶ್ರೀ ಒಳ್ಳೆಯ ಯೋಜನೆ, ಅದರ ಅಧ್ಯಯನ ಒಳ್ಳೆಯ ಅಧ್ಯಯನ, ಅದರಿಂದ ಎತ್ತಿಕೊಂಡ ಪಾಠ ತಪ್ಪು. ಮುಂದೆ ಶೇ. 64 ಎಂದು ಬರೆಯುವವರು ಪಕ್ಕದಲ್ಲೇ ಬಳಕೆಯ ಅಂಕಿಯನ್ನೂ ಬರೆಯಲಿ. ವಿಮೆಗೆ ಕೋಟಿಗಳನ್ನು ಎತ್ತಿಡುವ ಸರ್ಕಾರ ಮೊದಲು ಹಳ್ಳಿಯ ತಪಾಸಣೆಗೆ ಹಣ ಕೊಡಲಿ.