ಮೊದಲು ಮುಂದಂಚು ನೋಡಿ

ಮಾದರಿ ರಾಕೆಟ್ ಗ್ಲೈಡರ್ ಹಾರಾಟ ನೋಡಲು ಹೊಸದಾಗಿ ಬಂದವರ ಕಣ್ಣು ಹೊಗೆಯ ಹಿಂದೆಯೇ ಓಡುತ್ತದೆ. ಹಾರಿಸುವ ಮೊದಲೇ ಹತ್ತಿರ ಹೋಗಿ ಬಾಲ್ಸಾ ಮರದ ರೆಕ್ಕೆಯ ಮುಂದಂಚನ್ನು ನೋಡಬೇಕು; ಕಟ್ಟಿದವರ ಜಾಣ್ಮೆ ಅಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಸ್ಟೆಸ್ ಕಂಪನಿಯ ಸ್ಪೇಸ್ ಪ್ಲೇನ್ ಬಂದಾಗಿನಿಂದಲೂ ಈ ಮಾದರಿಗಳಿಗೆ ಎರಡು ಕೆಲಸ. ಮೋಟಾರ್ ಉರಿಯುವಾಗ ರಾಕೆಟ್ಟಾಗಿ ನೆಟ್ಟಗೆ ಏರಬೇಕು, ಆಮೇಲೆ ತೇಲುತ್ತಾ ಇಳಿಯಬೇಕು. ಒಂದಕ್ಕೆ ಗಟ್ಟಿತನ ಬೇಕು, ಇನ್ನೊಂದಕ್ಕೆ ಹಗುರ ಮೈ ಬೇಕು. ಏರುವ ವೇಗ ತೇಲುವ ವೇಗದ ಐದು ಪಟ್ಟು ಎಂದುಕೊಂಡರೂ ಗಾಳಿಯ ಒತ್ತಡ 25 ಪಟ್ಟಾಗುತ್ತದೆ. ಬಿಗಿಯಿಲ್ಲದ ರೆಕ್ಕೆ ಆ ಒತ್ತಡಕ್ಕೆ ಪಟಪಟನೆ ಅದುರಿ ಆಕಾಶದಲ್ಲೇ ಚೂರಾಗಬಹುದು.

ಹಾಗಾದರೆ ಇಡೀ ರೆಕ್ಕೆಯನ್ನೇ ಗಟ್ಟಿ ಬಾಲ್ಸಾದಲ್ಲಿ ಮಾಡಬಾರದೇ? ನ್ಯಾಯವಾದ ಪ್ರಶ್ನೆ, ಉತ್ತರ ತೂಕದಲ್ಲಿದೆ. 25 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಮೆದು ಬಾಲ್ಸಾ ಹಲಗೆ ಸುಮಾರು 5.6 ಗ್ರಾಂ ತೂಗುತ್ತದೆ. ಎರಡು ಪಟ್ಟು ಸಾಂದ್ರತೆಯ ಹಲಗೆಯಾದರೆ 11 ಗ್ರಾಂ ದಾಟುತ್ತದೆ. ಅದೇ ಮೆದು ಹಲಗೆಯ ಮುಂದಂಚಿಗೆ 3 ಮಿ.ಮೀ. ಚೌಕದ ಸ್ಪ್ರೂಸ್ ಮರದ ಪಟ್ಟಿ ಕೂರಿಸಿದರೆ ಹೆಚ್ಚುವುದು ಒಂದು ಗ್ರಾಮಿಗಿಂತ ಕಡಿಮೆ. ಆ ತೂಕವೂ ರೆಕ್ಕೆಯ ಮುಂದುಗಡೆಯೇ ಇರುವುದರಿಂದ ಅದುರಾಟವನ್ನು ತಗ್ಗಿಸುತ್ತದೆ. ಇಳಿಯುವಾಗ ಕಡ್ಡಿಗೋ ಕಲ್ಲಿಗೋ ತಗುಲಿದರೆ ಅಂಚು ನೆಗ್ಗುವುದೂ ಕಡಿಮೆ. ಒಂದೇ ರೆಕ್ಕೆ ನೆಗ್ಗಿದ ಗ್ಲೈಡರ್ ಮುಂದಿನ ಸಲ ಒಂದು ಕಡೆಗೆ ವಾಲಬಹುದು.

ಪಟ್ಟಿಯ ಗೋಜೇಕೆ, ತೆಳ್ಳಗಿನ ಸೂಪರ್ ಗ್ಲೂ ಕುಡಿಸಿದರೆ ಸಾಲದೇ ಎನ್ನುವವರಿದ್ದಾರೆ. ಅಂಟು ಕುಡಿದ ಅಂಚು ಪೆಟ್ಟು ತಡೆಯುತ್ತದೆ, ನಿಜ. ಆದರೆ ಅದು ಪೆಡಸಾಗುತ್ತದೆ. ಸ್ಯಾಂಡ್‌ಪೇಪರ್ ಹಾಕಿದಾಗ ಪಕ್ಕದ ಮೆದು ಮರ ಬೇಗ ಸವೆದು, ಅಂಚಿನ ಹಿಂದೆ ಒಂದು ತಗ್ಗು ಬೀಳುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಆ ತಗ್ಗಿನ ನೆರಳು ಕಾಣುತ್ತದೆ. ಒಳ್ಳೆಯ ಕೆಲಸದಲ್ಲಿ ಪಟ್ಟಿ ಮತ್ತು ಹಲಗೆ ಕೂಡಿದ ಗೆರೆ ಕಣ್ಣಿಗೆ ಕಂಡರೂ ಬೆರಳಿಗೆ ಸಿಗುವುದಿಲ್ಲ. (ಮುಟ್ಟುವ ಮುನ್ನ ಮಾದರಿ ಕಟ್ಟಿದವರನ್ನು ಕೇಳಿ.) ಆಮೇಲೆ ರೆಕ್ಕೆಯ ತುದಿಯಿಂದ ಬುಡದವರೆಗೆ ಒಂದು ಕಣ್ಣು ಮುಚ್ಚಿ ನೋಡಿ. ನೀರಿನಂಶದ ಬಿಳಿ ಅಂಟನ್ನು ಧಾರಾಳವಾಗಿ ಬಳಸಿದ್ದರೆ ತೆಳು ಹಲಗೆ ಸೊಟ್ಟಗಾಗಿರುತ್ತದೆ. ಅಂಥ ಗ್ಲೈಡರ್ ಏರುವಾಗಲೇ ಸುತ್ತತೊಡಗುತ್ತದೆ.

ಇಷ್ಟೆಂದ ಮಾತ್ರಕ್ಕೆ ಸ್ಪ್ರೂಸ್ ಎಲ್ಲದಕ್ಕೂ ಬೇಕೆಂದಲ್ಲ. ಅರ್ಧ-ಎ ಎಂಬ ಪುಟ್ಟ ದರ್ಜೆಯ ಮೋಟಾರಿನ ಒಟ್ಟು ನೂಕು ಹೆಚ್ಚೆಂದರೆ 1.25 ನ್ಯೂಟನ್-ಸೆಕೆಂಡ್. ಅಂಗೈ ಅಗಲದ ಪುಟ್ಟ ಗ್ಲೈಡರಿಗೆ ಅಷ್ಟೇ ಸಾಕಾಗಿರುವಾಗ, ಮುಂದಂಚಿಗೆ ಗಟ್ಟಿ ಬಾಲ್ಸಾದ ಎಳೆಯೊಂದನ್ನು ಮಾತ್ರ ಕೊಟ್ಟು ಸುಮ್ಮನಾದ ಕೈಯನ್ನು ನಾನು ಹೆಚ್ಚು ಮೆಚ್ಚುತ್ತೇನೆ.