ರಂಗಕ್ಕೆ ಬಾರದ ಮುದುಕ

ಪರಿಸರದ ಮೇಲೆ ನಾಟಕ ಎಂದರೆ ನನಗೆ ಒಳಗೊಳಗೇ ಅಳುಕು. ರಂಗದ ತುಂಬ ಹೊಗೆ, ಒಣಗಿದ ಕೊಂಬೆ, ಮುಖಕ್ಕೆ ಬೂದಿ ಬಳಿದ ಮೇಳ, ಕಡೆಗೊಂದು ಭಾಷಣ. ಸ್ಪೇನಿನ ನಾಟಕಕಾರ್ತಿ ಲ್ಯುಯಿಸಾ ಕುನಿಯೆ ಇದ್ಯಾವುದರ ತಂಟೆಗೂ ಹೋಗದೆ ಒಂದು ಹೋಟೆಲಿನಲ್ಲೇ ಪ್ರಳಯ ತೋರಿಸಿದ್ದಾರೆ.

ಕುನಿಯೆ 1961ರಲ್ಲಿ ಬಾರ್ಸಿಲೋನಾ ಪಕ್ಕದ ಬಾದಲೋನಾದಲ್ಲಿ ಹುಟ್ಟಿದವರು. ಅವರ ‘ಆಪ್ರೆ ಮುವಾ, ಲ ದೆಲ್ಯೂಜ್’ ಕ್ಯಾಟಲಾನ್ ನಾಟಕ, ಹೆಸರು ಮಾತ್ರ ಫ್ರೆಂಚ್: ನಾನು ಹೋದಮೇಲೆ ಪ್ರಳಯವಾದರೂ ಆಗಲಿ. 2007ರಲ್ಲಿ ಬಾರ್ಸಿಲೋನಾದ ತೆಯಾತ್ರೆ ಲಿಯೂರೆ ರಂಗಮಂದಿರದಲ್ಲಿ ಕಾರ್ಲೋತಾ ಸುಬಿರೋಸ್ ಇದನ್ನು ಮೊದಲು ಆಡಿಸಿದರು.

ಜಾಗ, ಕಾಂಗೋದ ರಾಜಧಾನಿ ಕಿನ್ಶಾಸಾದ ಹೋಟೆಲು. ಕೋಲ್ಟಾನ್ ಅದಿರಿನ ವ್ಯವಹಾರದ ಯುರೋಪಿಯನ್ ಉದ್ಯಮಿ, ಅವನಿಗೊಬ್ಬಳು ದುಭಾಷಿ. ಊರಿನ ಮುದುಕನೊಬ್ಬ ಬಂದು, ನನ್ನ ಮಗನನ್ನು ನಿಮ್ಮ ಜೊತೆ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತಾನೆ. ಆದರೆ ಆ ಮುದುಕ ನಮಗೆ ಕಾಣುವುದೇ ಇಲ್ಲ. ಅವನ ಅಳಲೆಲ್ಲ ಹೊರಡುವುದು ದುಭಾಷಿಯ ಬಾಯಿಂದ. ಮೊದಲ ಪ್ರಯೋಗದಲ್ಲಿ ಆ ಪಾತ್ರ ವಿಕಿ ಪೆನ್ಯಾ ಅವರದು. ಎಂಥ ಕಷ್ಟದ ಪಾತ್ರ ನೋಡಿ: ಅಂಗಲಾಚಬೇಕು, ಆದರೆ ಸಂಬಳಕ್ಕೆ ಮಾತಾಡುವವಳ ಬಿಗುವೂ ಸಡಿಲಬಾರದು.

ಕೋಲ್ಟಾನ್‌ನಿಂದ ಬರುವ ಟ್ಯಾಂಟಲಮ್ ಮೊಬೈಲಿನ ಪುಟಾಣಿ ಕೆಪಾಸಿಟರ್‌ಗಳಿಗೆ ಬೇಕು. 2000ದಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಪೂರ್ವ ಕಾಂಗೋದ ಕಹೂಝಿ-ಬಿಯೆಗಾ ರಾಷ್ಟ್ರೀಯ ಉದ್ಯಾನಕ್ಕೆ ಸಾವಿರಾರು ಜನ ಅಗೆಯಲು ನುಗ್ಗಿದರು. ಅವರ ಹೊಟ್ಟೆಪಾಡಿಗೆ ಆನೆ, ಗೊರಿಲ್ಲಾಗಳೂ ಬಲಿಯಾದವು. ನಾಟಕ ನಮ್ಮನ್ನು ಆ ಕಾಡಿಗೆ ಕರೆದೊಯ್ಯುವುದಿಲ್ಲ. ಅದರ ಅಗತ್ಯವೂ ಇಲ್ಲ, ಆ ಕಾಡಿನ ಚೂರು ಪ್ರೇಕ್ಷಕರ ಜೇಬಿನಲ್ಲೇ ಇರುತ್ತದೆ. (‘ಮೊಬೈಲ್ ಆಫ್ ಮಾಡಿ’ ಎಂಬ ಪ್ರಕಟಣೆಗೆ ಇಷ್ಟು ಅರ್ಥ ಬಂದ ನಾಟಕ ಇನ್ನೊಂದಿರಲಾರದು.)

ಕುನಿಯೆಗಿಂತ ಒಂದು ತಲೆಮಾರು ಕಿರಿಯರಾದ, ಸ್ಪೇನಿನವರೇ ಆದ ನಾಟಕಕಾರ್ತಿ ಮರಿಯಾ ವೆಲಾಸ್ಕೊ ಅವರ ದಾರಿ ಬೇರೆ. ಗಂಡಸರಿಂದ ನೊಂದ ಹೆಣ್ಣು ಮರಗಳ ಸಂಗ ಬಯಸುವ ಅವರ ಒಂದು ನಾಟಕದ ಶೀರ್ಷಿಕೆಯೇ, ಭೂಮಿಯ ಮೇಲಿನ ಗಂಡಸರನ್ನೆಲ್ಲ ಕಡಿದುರುಳಿಸುತ್ತೇನೆ ಎಂದು ಗುಡುಗುತ್ತದೆ. ಆ ಸಿಟ್ಟು ನಿಜವಾದದ್ದೇ. ಆದರೂ ನನ್ನ ಮತ ಕುನಿಯೆಗೆ. ಕೇಡುಗಾಲವನ್ನು ಮುಂದೆಂದೋ ಬರುವ ಶತಮಾನಕ್ಕೆ ತಳ್ಳದೆ, ಇವತ್ತಿನ ವ್ಯಾಪಾರದ ಮಾತುಕತೆಯಲ್ಲೇ ಅವರು ಹಿಡಿದರು.

ಕುನಿಯೆಯ ಈ ನಾಟಕಕ್ಕೆ ಇಬ್ಬರು ಒಳ್ಳೆಯ ನಟರಿದ್ದರೆ ಸಾಕು, ದುಬಾರಿ ರಂಗಸಜ್ಜಿಕೆ ಬೇಡ. ನಮ್ಮ ಹವ್ಯಾಸಿ ತಂಡಗಳು ಇದರತ್ತ ಕಣ್ಣು ಹಾಯಿಸಲಿ.