ನೀಲಿ ಹೋಗಿ ಮಸಿ ಬಂತು

ಈ ವಾರ ಫೋಟೋ ಪ್ರಿಂಟಿನ ಬಣ್ಣ ತಿದ್ದುವ ಚಿನ್ನದ ಟೋನಿಂಗ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಉಪ್ಪು ಕಾಗದದ ನಾಲ್ಕು ಪ್ರಿಂಟುಗಳನ್ನು ಅದಕ್ಕೆಂದೇ ತೆಗೆದಿಟ್ಟೂ ಇದ್ದೆ. ಆದರೆ ಭಾನುವಾರ ಮಂಡ್ಯ ಜಿಲ್ಲೆಯ ಹೊಸಹೊಳಲಿಗೆ ಹೋಗಿ ಬಂದ ಮೇಲೆ ತಲೆಯಲ್ಲಿ ಬೇರೆಯದೇ ಓಡುತ್ತಿದೆ. ಚಿನ್ನ ಮುಂದಿನ ವಾರಕ್ಕಿರಲಿ.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆ ನನ್ನನ್ನು ಬಿಡುವುದಿಲ್ಲ. ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು, 13ನೇ ಶತಮಾನದ ನಡುಭಾಗದ ಕೆಲಸ. ಮೂರು ಗರ್ಭಗುಡಿ, ಶಿಖರ ಒಂದಕ್ಕೆ ಮಾತ್ರ. ಬುಡದಲ್ಲಿ ಆನೆಯ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಕಲ್ಲು ಬಳಪದ್ದು. ಬಣ್ಣದ ಫೋಟೋದಲ್ಲಿ ಈ ಕಲ್ಲು ಸತ್ತುಹೋಗುತ್ತದೆ. ಬೂದುಹಸಿರು ಚಪ್ಪಡಿಯಾಗಿ ಕಾಣುತ್ತದೆ. ಕಲ್ಲಿಗಿಂತ ಅದರ ಮೇಲಿನ ನೆರಳು ಮುಖ್ಯ, ನೆರಳಿಗೆ ಒಂದೇ ಬಣ್ಣ ಸಾಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೂ ಬರೆಯುತ್ತೇನೆ.

ಆನೆ ಸಾಲಿನ ಒಂದು ಮೂಲೆಯನ್ನು ಕಾಗದದ ನೆಗೆಟಿವ್‌ನಲ್ಲಿ ಹಿಡಿದು, ಜೇನುಮೇಣ ಕುಡಿಸಿ, ಸಯನೋಟೈಪ್, ಅಂದರೆ ಕಬ್ಬಿಣದ ಲವಣ ಬಳಿದ ಹಾಳೆಯನ್ನು ಬಿಸಿಲಿಗಿಟ್ಟು ನೀರಲ್ಲಿ ತೊಳೆದರೆ ಬರುವ ನೀಲಿ ಪ್ರಿಂಟ್, ತೆಗೆಯುವುದು ನನ್ನ ಲೆಕ್ಕಾಚಾರ. ಇಲ್ಲಿ ಹಳೆಯ ಜಗಳವೊಂದನ್ನು ಎತ್ತಲೇಬೇಕು. ಈಗ ಈ ಕೆಲಸ ಕಲಿಯಲು ಬರುವವರು ಮೊದಲು ಕೊಳ್ಳುವುದು ಯುವಿ ದೀಪದ ಪೆಟ್ಟಿಗೆ. ಕಂಪ್ಯೂಟರ್‌ನಲ್ಲಿ ತಿದ್ದಿ ಪ್ಲಾಸ್ಟಿಕ್ ಹಾಳೆಯ ಮೇಲೆ ನೆಗೆಟಿವ್ ಹೊಡೆದು, ಟೈಮರ್ ತಿರುಗಿಸಿ ಕುಳಿತುಕೊಳ್ಳುತ್ತಾರೆ. ಒಂದೇ ಚಿತ್ರದ ಇಪ್ಪತ್ತು ಪ್ರತಿ ಒಂದೇ ಥರ ಬರಬೇಕೆಂದರೆ ಆ ದಾರಿ ಸರಿ, ಒಪ್ಪುತ್ತೇನೆ. ಆದರೆ ಅಲ್ಲಿಂದಲೇ ಶುರು ಮಾಡಿದವರಿಗೆ ಹದ ಸಿಕ್ಕುವುದಿಲ್ಲ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಗಡಿಯಾರ ನೋಡಿ ಪಾಕ ಇಳಿಸುತ್ತಾನೆಯೇ? ನೊರೆಯ ಬಣ್ಣ ನೋಡುತ್ತಾನೆ, ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಸಯನೋಟೈಪೂ ಹಾಗೆಯೇ. ಚೌಕಟ್ಟಿನ ಹಿಂಬದಿಯ ಒಂದು ಮಡಿಕೆ ತೆರೆದು ಇಣುಕಿದರೆ ಹಳದಿಹಸಿರು ಹಾಳೆ ನೀಲಿಗೆ, ನೀಲಿಯಿಂದ ಬೂದಿಗೆ ಹೊರಳುತ್ತಿರುತ್ತದೆ. ಗಾಢ ನೆರಳಿನ ಜಾಗ ಕಂಚಿನಂತೆ ಮಿಂಚಿದಾಗ ಬಿಸಿಲಿನಿಂದ ತೆಗೆಯಬೇಕು. ಅದು ಒಂದು ದಿನ ಇಪ್ಪತ್ತು ನಿಮಿಷ, ಮೋಡ ಅಡ್ಡ ಬಂದ ದಿನ ಒಂದು ಗಂಟೆ.

ಕಾಗದದ ನೆಗೆಟಿವ್ ಮಸುಕು ಎನ್ನುವವರು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಸಂಪುಟವನ್ನು ಒಮ್ಮೆ ನೋಡಬೇಕು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಪುಸ್ತಕವಿಲ್ಲ. ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಚಿತ್ರ ತೆಗೆದವರು ಮೂವರು: ಫಿರಂಗಿ ದಳದ ಬಿಗ್ಸ್, ವೈದ್ಯರಾದ ಪಿಗೌ ಮತ್ತು ನೀಲ್. 1855ರ ಸುಮಾರಿಗೆ ಬಿಗ್ಸ್ ಈ ಕೆಲಸಕ್ಕೆ ಇಳಿದಾಗ ಅವನ ಕೈಯಲ್ಲಿದ್ದದ್ದೂ ಕಾಗದದ ನೆಗೆಟಿವ್ವೇ. ಒಂದೊಂದು ಪ್ರಿಂಟನ್ನೂ ಮೊಟ್ಟೆಯ ಲೋಳೆ ಬಳಿದ ಕಾಗದದ ಮೇಲೆ ಬಿಸಿಲಲ್ಲಿ ತೆಗೆದು ಪುಟಕ್ಕೆ ಅಂಟಿಸಿದ್ದಾರೆ. ಹಳೇಬೀಡಿನ ಗೋಡೆ ಅದರಲ್ಲಿ ಹೇಗಿದೆ ಅನ್ನುತ್ತೀರಿ! ಕಲ್ಲಿಗೆ ಮೈ ಇದೆ, ತೂಕ ಇದೆ.

ಭಾನುವಾರದ ಸಂಗತಿಗೆ ಬರುತ್ತೇನೆ. ಪ್ರಿಂಟ್ ಚೆನ್ನಾಗಿಯೇ ಬಂತು. ನಾನು ಇಳಿದುಕೊಂಡಿದ್ದ ಮನೆಯ ಹಿತ್ತಲಲ್ಲಿ, ಬಟ್ಟೆ ನೆನೆಸುವ ಬೇಸಿನ್ನಿಗೆ ಬೋರ್‌ವೆಲ್ ನೀರು ತುಂಬಿ, ಅದರಲ್ಲಿ ತೇಲಿಬಿಟ್ಟು ಊಟಕ್ಕೆ ಕುಳಿತೆ. ಬೇಸಿನ್ನಿನ ತಳದಲ್ಲಿ ವಾಷಿಂಗ್ ಸೋಡ ಉಳಿದಿದ್ದನ್ನು ನೋಡಿಕೊಳ್ಳಲಿಲ್ಲ. ಎದ್ದು ಬರುವಷ್ಟರಲ್ಲಿ ಆನೆಗಳಿಲ್ಲ. ನೀಲಿಯೆಲ್ಲ ಇಳಿದು ಹಾಳೆಯ ಮೇಲೆ ತುಕ್ಕಿನ ಕಲೆಯಂಥ ಹಳದಿ ಉಳಿದಿತ್ತು. ಸಯನೋಟೈಪಿಗೆ ಕ್ಷಾರ ಆಗುವುದಿಲ್ಲ. ಸೋಡ ಇಲ್ಲದಿದ್ದರೂ ಗಡಸು ನೀರಿಗೆ ಎರಡು ಹನಿ ನಿಂಬೆರಸ ಹಿಂಡದೆ ತೊಳೆಯಬಾರದು. ಬೇರೆಯವರಿಗೆ ಹೇಳುವ ನಾನೇ ಮರೆತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಈ ನೀರ್ನಲ್ಲಿ ಬ್ಯಾಳೆನೇ ಬೇಯಾಕಿಲ್ಲ ಕಣಪ್ಪ, ನಿನ್ ಬಣ್ಣ ಎಲ್ಲಿ ನಿಂತಾದು" ಅಂದರು.

ಹೀಗೆ ನೀಲಿ ಇಳಿದ ಹಾಳೆಯನ್ನು ಟೀ ಸೊಪ್ಪಿನ ಕಷಾಯದಲ್ಲಿ ಅದ್ದಿ ಚಿತ್ರವನ್ನು ಕಂದು ಬಣ್ಣದಲ್ಲಿ ಮರಳಿಸುವುದುಂಟು. ಅವತ್ತು ಟೀ ಬದಲು ಅಜ್ಜಿಯ ಮದ್ದಿನ ಡಬ್ಬಿಯಲ್ಲಿದ್ದ ಅಳಲೆಕಾಯಿ ಕೇಳಿದೆ. ನಾಲ್ಕು ಕಾಯಿ ಜಜ್ಜಿ, ಕುದಿಸಿ, ಸೋಸಿ, ಆರಿದ ಕಷಾಯಕ್ಕೆ ಹಾಳೆ ಇಳಿಸಿದೆ. ಮೊದಲು ಸೊಂಡಿಲ ಕೆಳಗಿನ ನೆರಳು ಬಂತು. ಆಮೇಲೆ ಕಾಲುಗಳು, ಅಂಬಾರಿಯ ಹಗ್ಗ. ಹತ್ತು ನಿಮಿಷದಲ್ಲಿ ಇಡೀ ಸಾಲು ಎದ್ದು ನಿಂತಿತು. ನೀಲಿ ಅಲ್ಲ, ಬೆಚ್ಚಗಿನ ಕಪ್ಪು.

ಆ ಕಪ್ಪು ನಮಗೆ ಹೊಸದಲ್ಲ. ಅನ್ನಭೇದಿಗೆ ಅಳಲೆಕಾಯಿ ಕಷಾಯ ಸೇರಿಸಿ ಮಸಿ ಮಾಡುತ್ತಿದ್ದರು ನಮ್ಮ ಹಿರಿಯರು. ಅನ್ನಭೇದಿಯಲ್ಲಿ ಕಬ್ಬಿಣ, ಅಳಲೆಯಲ್ಲಿ ಒಗರು. ಎರಡೂ ಕೂಡಿದರೆ ಕಪ್ಪು. ನನ್ನ ಹಾಳೆಯಲ್ಲಿ ನೀಲಿ ಹೋದರೂ ಕಬ್ಬಿಣ ಉಳಿದಿತ್ತು, ಅದಕ್ಕೆ ಒಗರು ಸಿಕ್ಕಿತು, ಅಷ್ಟೇ. ನನ್ನ ಕೈಯಲ್ಲಿದ್ದದ್ದು ಶಾನುಭೋಗರ ಮಸಿಯಲ್ಲಿ ಮೂಡಿದ ಫೋಟೋ. ಬಿಳಿ ಭಾಗ ಕೊಂಚ ಕಂದಿದೆ ನಿಜ. ಆದರೂ ಇಷ್ಟು ವರ್ಷದಲ್ಲಿ ಆ ಗೋಡೆಯ ಇದಕ್ಕಿಂತ ಒಳ್ಳೆಯ ಪ್ರಿಂಟ್ ನನ್ನಿಂದ ಆಗಿಲ್ಲ.

ಕೊನೆಗೊಂದು ಕೋರಿಕೆ. ಪತ್ರಿಕೆಗಳಲ್ಲಿ ದಿನವೂ ಓದುವ 'ನೀಲನಕ್ಷೆ' ಎಂಬ ಮಾತು ಹುಟ್ಟಿದ್ದು 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಇದೇ ಸಯನೋಟೈಪ್ ವಿಧಾನದಿಂದ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ಕಾಲಕ್ಕೆ ಇಂಜಿನಿಯರುಗಳ ಕಚೇರಿಗಳಲ್ಲಿ ನಕ್ಷೆಯ ನಕಲು ತೆಗೆಯುತ್ತಿದ್ದುದು ಹೀಗೇ; ಅಮೋನಿಯಾ ಪ್ರಿಂಟ್ ಬಂದದ್ದು ಆಮೇಲೆ. ನಾಲೆ, ತೂಬು, ಸೇತುವೆ ಕೆಲಸದಲ್ಲಿದ್ದವರ ಮನೆಗಳ ಟ್ರಂಕಿನಲ್ಲಿ ಅಂಥ ನೀಲಿ ಹಾಳೆ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಿಸಿಲಿಗೆ ಬಣ್ಣ ಕಂದಿದ್ದರೆ ಗಾಳಿಯಾಡುವ ಕತ್ತಲೆ ಜಾಗದಲ್ಲಿ ಕೆಲವು ದಿನ ಬಿಡಿ. ನೀಲಿ ಬಹುಮಟ್ಟಿಗೆ ತಾನಾಗಿ ಮರಳುತ್ತದೆ.